ಎರೆಸೀಮೆಯಲ್ಲಿ ಒಂದು ಹಗಲು

'ದೇಶ ಸುತ್ತಬೇಕು, ಕೋಶ ಓದಬೇಕು' ಎಂದು ಹಿರಿಯರು ಹೇಳುತ್ತಾರೆ. ಆದರೆ ದೇಶ ಸುತ್ತಲು ಹೊರಟವರು ಬೆಟ್ಟಕ್ಕೆ ಹೋಗುತ್ತಾರೆ, ಕಡಲಿಗೆ ಹೋಗುತ್ತಾರೆ, ಜೋಗಕ್ಕೆ ಹೋಗುತ್ತಾರೆ. ಬಯಲನ್ನು ನೋಡಿ ಬರೋಣವೆಂದು ಹೊರಟವರನ್ನು ನಾನಂತೂ ಕಂಡಿಲ್ಲ. "ಅಲ್ಲೇನಿದೆ ನೋಡುವುದಕ್ಕೆ?" ಎಂದು ಕೇಳುವವರೇ ಎಲ್ಲ. ಹುಬ್ಬಳ್ಳಿಯಲ್ಲಿ ವಿಜಯಪುರದ ಬಸ್ಸು ಹತ್ತಿದ ಪ್ರಯಾಣಿಕರನ್ನು ಗಮನಿಸಿ. ಕುಸುಗಲ್ಲು ದಾಟುತ್ತಲೇ ಅರ್ಧ ಬಸ್ಸು ನಿದ್ದೆ ಹೋಗಿರುತ್ತದೆ. ಎಡಕ್ಕೆ ಕರಿಯ ಹೊಲ, ಬಲಕ್ಕೆ ಕರಿಯ ಹೊಲ, ನಡುವೆ ಗೆರೆ ಎಳೆದಂತಹ ರಸ್ತೆ. ಬಸ್ಸಿನ ಕಿಟಕಿಗೆ ಬಯಲು ಕಾಣಿಸುವುದು ಇಷ್ಟೇ. ಅದೇ ಬಯಲು ಸೈಕಲ್ಲಿನ ಮೇಲೆ ಕುಳಿತವನ ಕಣ್ಣಿಗೆ ಹೇಗೆ ತೋರೀತು ಎಂಬುದನ್ನು ತಿಳಿಸಲು ಈ ನಾಲ್ಕು ಮಾತು.

ನನ್ನ ಊರು ಗುಳೇದಗುಡ್ಡ, ಖಣದ ಊರು. ರವಿಕೆಗೆಂದೇ ನೇಯುವ ಆ ಪುಟ್ಟ ಬಟ್ಟೆಗೆ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಎಂತಹ ಮಾನವಿದೆಯೆಂಬುದನ್ನು ವಿವರಿಸಬೇಕಾಗಿಲ್ಲ. ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆ ಎಂದು ಅದರ ಚಿತ್ತಾರಗಳಿಗೆ ಹೆಸರುಗಳುಂಟು. ನಮ್ಮ ತಂದೆಯವರು ಖಣ ನೇದವರಲ್ಲ, ಮಾರಿದವರು. ಇಪ್ಪತ್ತು ವರ್ಷ ಕಾಲ ಇಪ್ಪತ್ತೆರಡು ಇಂಚಿನ ಒಂದು ಸೈಕಲ್ಲಿನ ಹಿಂದೆ ಖಣದ ಗಂಟು ಕಟ್ಟಿಕೊಂಡು ಬಾದಾಮಿ, ರೋಣ, ನರಗುಂದ, ನವಲಗುಂದ ತಾಲೂಕುಗಳ ಹಳ್ಳಿ ಹಳ್ಳಿ ತಿರುಗಿದರು. ಒಮ್ಮೆ ಹೊರಟರೆ ನಾಲ್ಕೈದು ದಿನ. ರಾತ್ರಿ ಯಾವುದಾದರೊಂದು ಗುಡಿಯ ಕಟ್ಟೆ. ಹೊಲಿದ ರವಿಕೆಗಳೇ ಹಳ್ಳಿಯ ಅಂಗಡಿಗೆ ಬಂದ ಮೇಲೆ, ಮೊಣಕಾಲೂ ನೋಯತೊಡಗಿದ ಮೇಲೆ, 2017ರಲ್ಲಿ ಗಂಟು ಬಿಚ್ಚಿಟ್ಟು ಬಟ್ಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತರು. ನಾನು ಬಿ.ಎ. ತರಗತಿಗೆ ಸೇರಿದಾಗ ಆ ಸೈಕಲ್ಲು ಬಸ್ಸಿನ ತಲೆಯ ಮೇಲೆ ಕುಳಿತು ನನ್ನೊಡನೆ ಹುಬ್ಬಳ್ಳಿಗೆ ಬಂತು. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ಕಂಡವರು ನಾವಿಬ್ಬರೇ: ನಾನು ಮತ್ತು ಆ ಸೈಕಲ್ಲು.

ಈ ವರ್ಷ ನನ್ನ ತಮ್ಮನಿಗೆ ಐ.ಟಿ.ಐ.ಗೆ ಹೋಗಿಬರಲು ಸೈಕಲ್ಲು ಬೇಕಾಯಿತು. ಬಂದಂತೆಯೇ ಬಸ್ಸಿನ ಮೇಲೆ ಕಳಿಸಬಹುದಾಗಿತ್ತು. ನಾನು ತುಳಿದುಕೊಂಡೇ ಒಯ್ಯುವೆನೆಂದೆ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕೊಣ್ಣೂರು, ಕುಳಗೇರಿ ಕ್ರಾಸ್, ಬಾದಾಮಿಗಳ ಮೇಲೆ ಗುಳೇದಗುಡ್ಡಕ್ಕೆ ಸುಮಾರು 125 ಕಿಲೋಮೀಟರು. ಎಳ್ಳಮವಾಸ್ಯೆಯ ದಿನ, ಅಂದರೆ 2024ರ ಡಿಸೆಂಬರ್ 30ರ ಸೋಮವಾರ, ಹೊರಡುವುದೆಂದು ನಿಶ್ಚಯವಾಯಿತು. ತಂದೆಯವರಿಗೆ ಫೋನು ಮಾಡಿದೆ. ಬೇಡವೆನ್ನಲಿಲ್ಲ. "ಬರಕೋ" ಎಂದರು.

"ಏನು ಬರಕೊಳ್ಳಲಿ?"

"ನೀರು ಎಲ್ಲೆಲ್ಲಿ ಐತಿ ಅನ್ನೂದು."

"ನಕಾಶೆ ನೋಡಿಕೊಂಡೀನಿ, ಅಪ್ಪಾ."

"ನಕಾಶ್ಯಾಗ ನೀರು ಸಿಹಿ ಐತೋ ಸೌಳ ಐತೋ ಬರದಿರತಾರೇನು?"

ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಭೂಗೋಳದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಅವರು ಹೇಳಿದಂತೆ ಹನ್ನೊಂದು ಹೆಸರುಗಳನ್ನು ಬರೆದುಕೊಂಡೆ. ಒಂದು ಕೆರೆ, ಒಂದು ಮಠದ ಬಾವಿ, ಒಬ್ಬ ಗೌಡರ ತೋಟ, ರಸ್ತೆಯ ಬದಿಯ ಒಂದು ಅರವಟಿಗೆ, ಹೀಗೆ. ಕೊನೆಗೆ, "ಗಾಳಿ ಮೂಡಲದ್ದೈತಿ. ಅದು ಏಳೂದ್ರಾಗ ನವಲಗುಂದ ಹಿಡಿ" ಎಂದು ಫೋನು ಇಟ್ಟರು.

ನಸುಕಿನ ಐದೂವರೆಗೆ ಹೊರಟೆ. ಚಳಿ ಕೈಬೆರಳುಗಳನ್ನು ಕಚ್ಚುತ್ತಿತ್ತು. ನಗರದ ದೀಪಗಳು ಹಿಂದೆ ಸರಿದ ಮೇಲೆ ನನ್ನೊಡನೆ ಉಳಿದದ್ದು ಸರಪಳಿಯ ಸದ್ದೊಂದೇ. ಆಗಾಗ ಒಂದು ಲಾರಿ ಬಂದು ಗಾಳಿಯಿಂದ ನನ್ನನ್ನು ರಸ್ತೆಯ ಅಂಚಿಗೆ ತಳ್ಳಿ ಹೋಗುತ್ತಿತ್ತು. ಈ ಸೈಕಲ್ಲಿಗೆ ಗೇರುಗಳಿಲ್ಲ, ಮಡ್‌ಗಾರ್ಡುಗಳೂ ಇಲ್ಲ. ಅವನ್ನು ತಂದೆಯವರೇ ಹಿಂದೆಂದೋ ಬಿಚ್ಚಿಹಾಕಿದ್ದರು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದಂತೆ. ಆಗ ಸೈಕಲ್ಲಿನ ಮೇಲೆ ಮನುಷ್ಯನಲ್ಲ, ಮನುಷ್ಯನ ಮೇಲೆ ಸೈಕಲ್ಲು ಸವಾರಿ ಮಾಡುತ್ತದೆ. ಪೆಡಲು ಒಂದು ಸುತ್ತು ಬಂದರೆ ಈ ಸೈಕಲ್ಲು ಸುಮಾರು ಐದು ಮೀಟರು ಮುಂದೆ ಹೋಗುತ್ತದೆ. ಹಾಗಾದರೆ ಗುಳೇದಗುಡ್ಡ ಮುಟ್ಟಲು ಇಪ್ಪತ್ತೈದು ಸಾವಿರ ಸುತ್ತು. ಈ ಲೆಕ್ಕವನ್ನು ಕತ್ತಲಲ್ಲೇ ಮಾಡಿ ಮುಗಿಸಿದ್ದು ಒಳ್ಳೆಯದಾಯಿತು. ಬೆಳಕಿನಲ್ಲಿ ಮುಂದಿನ ದಾರಿಯನ್ನು ಕಂಡು ಮಾಡಿದ್ದರೆ ಧೈರ್ಯ ಸಾಲುತ್ತಿರಲಿಲ್ಲ.

ಹೆಬಸೂರಿನ ಸುಮಾರಿಗೆ ಸೂರ್ಯೋದಯವಾಯಿತು. ಬಯಲಿನಲ್ಲಿ ಸೂರ್ಯ ಯಾವ ಮರೆಯನ್ನೂ ದಾಟಿ ಬರಬೇಕಾಗಿಲ್ಲ. ಹೊಲದ ಬದುವಿನಿಂದಲೇ ಮೇಲೇಳುತ್ತಾನೆ. ಬೆಳಕು ಹರಿದಂತೆ ಬಿಳಿಜೋಳದ ತೆನೆ, ಕಡಲೆಯ ಹೊಲ, ಅಲ್ಲಲ್ಲಿ ಕುಸುಬೆಯ ಹಳದಿ ಕಾಣಿಸಿದವು. ಮುಂಗಾರು ಸುರಿಸಿದ ನೀರನ್ನು ಎರೆಮಣ್ಣು ತನ್ನೊಡಲಲ್ಲಿ ಹಿಡಿದಿಟ್ಟುಕೊಂಡು, ಮಳೆಯಿಲ್ಲದ ಚಳಿಗಾಲದಲ್ಲಿ ಬೆಳೆಗೆ ಉಣಿಸುತ್ತದೆ. ಆದರೆ ಆ ಮಣ್ಣಿನಡಿಯಲ್ಲಿ ಬಾವಿ ತೋಡಿದರೆ ಬಹಳ ಕಡೆ ಸವಳು ನೀರು. ಎರೆಮಣ್ಣು ಬೆಳೆಗೆ ತಾಯಿ, ಬಾಯಾರಿದವನಿಗೆ ಮಲತಾಯಿ.

ನವಲಗುಂದವನ್ನು ಒಂಬತ್ತಕ್ಕೆ ಹಿಡಿದೆ. ಗಾಳಿ ನನಗಿಂತ ಅರ್ಧ ಗಂಟೆ ಮೊದಲೇ ಎದ್ದಿತ್ತು. ಹೋಟೆಲೊಂದರಲ್ಲಿ ಒಗ್ಗರಣಿ, ಮಿರ್ಚಿ ತಿಂದು ಪಟ್ಟಿಯ ಮೊದಲನೆಯ ಹೆಸರಾದ ನೀಲಮ್ಮನ ಕೆರೆಗೆ ಹೋದೆ. ನವಲಗುಂದವೆಂದರೆ ಹೊರಗಿನವರು ಜಮಖಾನದ ಮಾತನ್ನೆತ್ತುತ್ತಾರೆ. ಅಲ್ಲಿನ ಹೆಣ್ಣುಮಕ್ಕಳು ಮನೆಯೊಳಗಿನ ಮಗ್ಗದಲ್ಲಿ ನೇಯುವ ನವಿಲು ಮತ್ತು ಪಗಡೆಯ ಹಾಸಿನ ಚಿತ್ತಾರಗಳು ಆ ಮಾತಿಗೆ ತಕ್ಕಂತೆಯೇ ಇವೆ. ಆದರೆ ಸುತ್ತಲಿನವರಿಗೆ ನವಲಗುಂದವೆಂದರೆ ಮೊದಲು ಕೆರೆ. ಬಯಲಿನ ನಡುವೆ ಅಷ್ಟು ಅಗಲದ ಸಿಹಿನೀರು ಕಂಡಾಗ ಆ ಊರು ಅಲ್ಲಿಯೇ ಏಕೆ ನಿಂತಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ದಂಡೆಯ ಮೇಲೆ ಸೈಕಲ್ಲು ನಿಲ್ಲಿಸಿ ಬಹಳ ಹೊತ್ತು ನೋಡಿದೆ.

ಅಲ್ಲಿ ನಮ್ಮ ಭೂಗೋಳದ ಅಧ್ಯಾಪಕರು ಮಾಡಿದ ಪ್ರೇರಿ ಬಯಲಿನ ಪಾಠ ನೆನಪಾಯಿತು. ಕೆನಡಾದ ಮನಿಟೋಬಾ, ಸಸ್ಕಾಚೆವಾನ್, ಆಲ್ಬರ್ಟಾ ಪ್ರಾಂತಗಳಲ್ಲಿ ಹಬ್ಬಿರುವ ಆ ಬಯಲಿನಲ್ಲಿಯೂ ಬಹುಪಾಲು ಕರಿಮಣ್ಣು, ಗೋಧಿಯ ಬೆಳೆ, ಮರವಿಲ್ಲದ ದಿಗಂತ. 1885ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲುದಾರಿ ಮುಗಿದ ಮೇಲೆ ಹಳಿಯುದ್ದಕ್ಕೂ ಊರುಗಳೆದ್ದವು. ಸುಮಾರು ಎಂಟು ಹತ್ತು ಮೈಲಿಗೊಂದು ನಿಲ್ದಾಣ, ಅದರ ಬದಿಗೆ ಮರದ ಎತ್ತರದ ಕಣಜ. ರೈತ ಕುದುರೆಗಾಡಿಯಲ್ಲಿ ಗೋಧಿ ಹೇರಿಕೊಂಡು ಬಂದು, ಅಳೆದು ಕೊಟ್ಟು, ಅಂದೇ ಮನೆ ಸೇರಬೇಕು. ಊರಿಂದೂರಿಗೆ ದೂರ ನಿಂತದ್ದು ಆ ಲೆಕ್ಕದ ಮೇಲೆ. ಮುಂದೆ ಲಾರಿಗಳು ಬಂದವು, ಸಣ್ಣ ರೈಲುದಾರಿಗಳು ಮುಚ್ಚಿದವು, ಕಣಜಗಳನ್ನು ಕೆಡವಿದರು, ಎಷ್ಟೋ ಊರುಗಳು ಬರಿದಾದವು. ತರಗತಿಯಲ್ಲಿ ಇದನ್ನು ಪರೀಕ್ಷೆಗೆಂದು ಬರೆದುಕೊಂಡಿದ್ದೆ. ಕೆರೆಯ ದಂಡೆಯ ಮೇಲೆ ಅದೇ ಪಾಠ ನಮ್ಮ ಕಡೆಗೆ ತಿರುಗಿ ನಿಂತಿತು. ಬಯಲಿನಲ್ಲಿ ಊರುಗಳ ನಡುವಿನ ದೂರವೆಂಬುದು ಸುಮ್ಮನೆ ಬಂದದ್ದಲ್ಲ. ಪ್ರೇರಿಯಲ್ಲಿ ಅದು ಕುದುರೆಯ ಒಂದು ದಿನದ ನಡೆ. ನಮ್ಮ ಎರೆಸೀಮೆಯಲ್ಲಿ ಅದು ನೀರಿನ ಲೆಕ್ಕ. ಮನುಷ್ಯನೂ ಎತ್ತೂ ಒಂದು ನೀರಿನಿಂದ ಇನ್ನೊಂದು ನೀರಿಗೆ ಎಷ್ಟು ದೂರ ನಡೆದಾರು, ಅಷ್ಟು.

ನವಲಗುಂದ ಬಿಟ್ಟ ಮೇಲೆ ಗಾಳಿ ನೇರವಾಗಿ ಎದೆಗೆ ಬಂತು. ಬೆಟ್ಟದ ಏರಿಗೆ ಒಂದು ಕೊನೆಯಿದೆ, ಆಚೆಗೆ ಒಂದು ಇಳಿಜಾರಿದೆ. ಬಯಲಿನ ಗಾಳಿಗೆ ಎರಡೂ ಇಲ್ಲ. ತಲೆ ತಗ್ಗಿಸಿ ತುಳಿಯುತ್ತಿದ್ದವನಿಗೆ ಯಮನೂರಿನ ಹತ್ತಿರ ಬೆಣ್ಣಿಹಳ್ಳ ಸಿಕ್ಕಿತು. ಆ ಊರಿನ ದರ್ಗಾಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಈ ಹಳ್ಳದ ನೀರಿನಿಂದಲೇ ಅಲ್ಲಿ ದೀಪ ಉರಿಯುತ್ತದೆಂದು ಜನರ ನಂಬಿಕೆ. ನೀರು ದುರ್ಲಭವಾದ ನಾಡಿನಲ್ಲಿ ನೀರೇ ಎಣ್ಣೆಯಾಗುವುದರಲ್ಲಿ ಆಶ್ಚರ್ಯವೇನು? ಅದೇ ಹಳ್ಳ ಮಳೆಗಾಲದಲ್ಲಿ ಉಕ್ಕಿ ಹೊಲಗಳನ್ನು ನುಂಗುವುದೂ ಉಂಟು.

ಸೈಕಲ್ಲಿನವನನ್ನು ಜನ ಮಾತನಾಡಿಸದೆ ಬಿಡುವುದಿಲ್ಲ. ಮೋಟಾರಿನಲ್ಲಿ ಹೋಗುವವನ ಹೆಸರು ಯಾರಿಗೂ ಬೇಡ. "ಎಲ್ಲಿಗ್ಹೊಂಟೀ ತಮ್ಮಾ?" ಎಂದು ದಾರಿಯುದ್ದಕ್ಕೂ ಕೇಳಿದರು. ಗುಳೇದಗುಡ್ಡವೆಂದರೆ ನಂಬದೆ, "ಬನಶಂಕರಿಗೆ ಹರಕಿ ಏನು?" ಎಂದರು, ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆ ಎರಡು ವಾರದಲ್ಲಿತ್ತು. ಇನ್ನು ಕೆಲವರು, "ಪಂಥ ಎಷ್ಟಕ್ಕ?" ಎಂದರು. ಹರಕೆಯೂ ಅಲ್ಲ, ಪಂಥವೂ ಅಲ್ಲ, ಸೈಕಲ್ಲನ್ನು ತಮ್ಮನಿಗೆ ಒಯ್ಯುತ್ತಿದ್ದೇನೆ ಎಂದಾಗ ಎಲ್ಲರ ಉತ್ತರ ಒಂದೇ: "ಬಸ್ಸಿನ ಮ್ಯಾಲೆ ಹಾಕಬೇಕಿಲ್ಲೋ!"

ನರಗುಂದದ ಗುಡ್ಡ ಬಹು ದೂರದಿಂದಲೇ ಕಾಣತೊಡಗಿತು. ತಲೆ ಚಪ್ಪಟೆಯಾದ ಆ ಗುಡ್ಡವನ್ನು ನೋಡುತ್ತ ಒಂದು ಗಂಟೆ ತುಳಿದರೂ ಅದು ಹತ್ತಿರ ಬಂದಂತೆ ತೋರದು. 1858ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದ ಬಾಬಾಸಾಹೇಬ ಭಾವೆಯವರ ಕೋಟೆ ಅದರ ಮೇಲಿದೆ. ಆದರೆ ಈ ಸೀಮೆಯಲ್ಲಿ ಬಂಡಾಯವೆಂದರೆ ಜನ ಇನ್ನೊಂದನ್ನೂ ನೆನೆಯುತ್ತಾರೆ. ಮಲಪ್ರಭೆಗೆ ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟಾಗಿ, ಕಾಲುವೆಗಳು ಈ ಬಯಲಿಗೆ ಬಂದವು. ನೀರು ಸರಿಯಾಗಿ ಮುಟ್ಟದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿ ಎಂಬ ಕರ ಬಿದ್ದಾಗ ರೈತರು ಎದ್ದು ನಿಂತರು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲೀಬಾರಾಗಿ ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. 2015ರ ಜುಲೈಯಲ್ಲಿ ಮಹದಾಯಿಯ ನೀರು ಮಲಪ್ರಭೆಗೆ ಬರಲೆಂದು ಇದೇ ಊರಿನಲ್ಲಿ ರೈತರು ಧರಣಿ ಕುಳಿತರು. ಅದು ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರೆಂದು ತೀರ್ಪು ಕೊಟ್ಟಿತು. ಪತ್ರಿಕೆಯಲ್ಲಿ ಈ ಅಂಕಿಯನ್ನು ಓದುವುದು ಒಂದು; ಬಾಟಲಿ ಬರಿದಾಗಿ, ತುಟಿಯೊಡೆದು, ಆ ಬಯಲಿನ ನಡುವೆ ನಿಂತು ಅದನ್ನು ನೆನೆಯುವುದು ಇನ್ನೊಂದು.

ನರಗುಂದ ದಾಟಿದಾಗ ಮಧ್ಯಾಹ್ನವಾಗಿತ್ತು. ಅಂದು ಎಳ್ಳಮವಾಸ್ಯೆ, ಊರುಗಳು ಖಾಲಿ, ಹೊಲಗಳು ತುಂಬಿ. ಚಕ್ಕಡಿ, ಟ್ರಾಕ್ಟರುಗಳಲ್ಲಿ ಜನ ಬುತ್ತಿ ಕಟ್ಟಿಕೊಂಡು ಬಂದು, ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುತ್ತಿದ್ದರು. ರಸ್ತೆಯ ಬದಿಯ ಹೊಲದಿಂದ ಒಬ್ಬ ಮುದುಕಿ ಕೈಮಾಡಿ ಕರೆದಳು. ಬೇಡವೆನ್ನಲು ನನ್ನ ಹೊಟ್ಟೆ ಒಪ್ಪಲಿಲ್ಲ. ಸಜ್ಜೆಯ ರೊಟ್ಟಿ, ಬದನೆಯ ಎಣಗಾಯಿ, ಪುಂಡಿಪಲ್ಯ, ಅಗಸಿ ಚಟ್ನಿ, ಮೇಲೆ ಶೇಂಗಾ ಹೋಳಿಗೆ. ಉಣ್ಣುತ್ತಿದ್ದಾಗ ಆಕೆಯ ಕಣ್ಣು ಸೈಕಲ್ಲಿನ ಹಿಂದಿನ ಹಲಗೆಯ ಮೇಲೆ ಬಿತ್ತು. ಗಂಟು ನಿಲ್ಲಲೆಂದು ತಂದೆಯವರು ಕ್ಯಾರಿಯರಿಗೆ ಬಡಿಸಿದ ಅಗಲ ಹಲಗೆ ಅದು.

"ಯಾವೂರು ತಮ್ಮಾ ನಿಂದು?"

"ಗುಳೇದಗುಡ್ಡ, ಯವ್ವಾ."

"ಅಲ್ಲಿಂದ ಒಬ್ಬಾಂವ ಖಣ ತರತಿದ್ದ. ಹಿಂಗ ಹಲಗಿ ಹಚ್ಚಿದ ಸೈಕಲ್ಲು. ಏಳೆಂಟು ವರ್ಷಾತು, ಬಂದs ಇಲ್ಲ."

ನನ್ನ ತುತ್ತು ಕೈಯಲ್ಲೇ ನಿಂತಿತು. "ನಮ್ಮಪ್ಪನೂ ಖಣ ಮಾರತಿದ್ದ, ಯವ್ವಾ" ಎಂದೆ.

"ಎತ್ತರ ಆಳೇನು? ಮೀಸಿ ದಪ್ಪ?"

"ಇಲ್ಲ. ಗಿಡ್ಡ. ಮೀಸಿನೂ ಇಲ್ಲ."

"ಹಂಗಾರ ಅಂವ ಬ್ಯಾರೆ" ಎಂದು ಮುದುಕಿ ಒಂದು ಕ್ಷಣ ಸುಮ್ಮನಿದ್ದು, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. "ಬ್ಯಾರೆ ಆದರೇನಾತು, ಖಣದಾಂವs ಅಲ್ಲ? ಇವನ್ನ ಅಂವಗ ಕೊಡು" ಎಂದು ನಾಲ್ಕು ಹೋಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

ನರಗುಂದದಿಂದ ಕೊಣ್ಣೂರಿನವರೆಗಿನ ದಾರಿ ನೇರ. ಮನಸ್ಸಿಗೆ ಬೇರೆ ಕೆಲಸವಿಲ್ಲ. ಅಲ್ಲಿ ಇನ್ನೊಂದು ಲೆಕ್ಕ ಹಾಕಿದೆ. ಮೊದಲ ವರ್ಷ ನನ್ನ ಶುಲ್ಕ, ಪುಸ್ತಕ, ಹಾಸಿಗೆ, ಟ್ರಂಕು ಎಲ್ಲ ಸೇರಿ ಆರು ಸಾವಿರ ರೂಪಾಯಿ ಖರ್ಚಾಗಿತ್ತು. ಅದು ತಂದೆಯವರು ಖಣ ಮಾರಿದ ದಿನಗಳಲ್ಲಿ ಅಂಚೆ ಕಚೇರಿಯಲ್ಲಿ ಕೂಡಿಟ್ಟ ಹಣ. ಒಂದು ಖಣಕ್ಕೆ ಹತ್ತು ರೂಪಾಯಿ ಉಳಿದರೆ ಹೆಚ್ಚು ಎನ್ನುತ್ತಿದ್ದರು. ಅಂದರೆ ಆರುನೂರು ಖಣ. ದಿನಕ್ಕೆ ಹತ್ತು ಮಾರಿದರೆ ಅರವತ್ತು ದಿನ. ದಿನಕ್ಕೆ ನಾಲ್ವತ್ತು ಕಿಲೋಮೀಟರಿನಂತೆ ಹಿಡಿದರೆ 2,400 ಕಿಲೋಮೀಟರು. ಹುಬ್ಬಳ್ಳಿಯಿಂದ ದಿಲ್ಲಿ ಮುಟ್ಟಿ ಇನ್ನೂ ಮುಂದೆ ಹೋಗುವಷ್ಟು ದೂರ. ಇದು ಒಂದೇ ವರ್ಷದ್ದು. ನನ್ನ ಅಂಕಪಟ್ಟಿಯಲ್ಲಿ ವಿಷಯಗಳಿವೆ, ಅಂಕಗಳಿವೆ. ಈ ಕಿಲೋಮೀಟರುಗಳನ್ನು ಬರೆಯಲು ಅಂಕಣವಿಲ್ಲ. ತಂದೆಯವರು ಈ ಲೆಕ್ಕವನ್ನು ಎಂದೂ ಹೇಳಿದವರಲ್ಲ. ಬಹುಶಃ ಹಾಕಿದವರೂ ಅಲ್ಲ.

ಕೊಣ್ಣೂರಿನ ಸೇತುವೆಯ ಮೇಲೆ ಮಲಪ್ರಭೆ ಎದುರಾದಳು. 2019ರ ಆಗಸ್ಟಿನಲ್ಲಿ ಇದೇ ನದಿ ಹೆದ್ದಾರಿಯನ್ನೇ ಮುಳುಗಿಸಿ ಸಂಚಾರ ನಿಲ್ಲಿಸಿದ್ದಳು. ಅಂದು ಮಾತ್ರ ತಣ್ಣಗೆ, ತೆಳ್ಳಗೆ ಹರಿಯುತ್ತಿದ್ದಳು. ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು ಬಾದಾಮಿಯ ದಾರಿ ಹಿಡಿದಾಗ ಗಾಳಿ ಇಳಿಯಿತು. ಅಲ್ಲಿಂದ ಮುಂದೆ ನೆಲವೇ ಬೇರೆ. ಕರಿಯ ಬಣ್ಣ ಸ್ವಲ್ಪ ಸ್ವಲ್ಪವಾಗಿ ಕಂದಿ ಕೆಂಪಾಗುತ್ತದೆ, ಕಲ್ಲು ತಲೆಯೆತ್ತುತ್ತದೆ, ರಸ್ತೆ ಏರಿ ಇಳಿಯತೊಡಗುತ್ತದೆ. ಸಂಜೆಯ ಬಿಸಿಲಿನಲ್ಲಿ ಬಾದಾಮಿಯ ಮರಳುಗಲ್ಲಿನ ಬೆಟ್ಟಗಳು ಕೆಂಡದಂತೆ ಹೊಳೆಯುತ್ತಿದ್ದವು. ಮೇಣಬಸದಿಗಳನ್ನು ನೋಡಲು ಹೊತ್ತಿರಲಿಲ್ಲ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕುಳಿತು ಕಾಲು ಚಾಚಿದೆ. ಚಾಲುಕ್ಯರು ಇಲ್ಲಿ ರಾಜಧಾನಿ ಕಟ್ಟಿದ್ದನ್ನು ಮೂರು ವರ್ಷ ಇತಿಹಾಸದಲ್ಲಿ ಓದಿದ್ದೇನೆ. ದಿನವೆಲ್ಲ ಬಯಲಿನಲ್ಲಿ ಬಾಯಾರಿ ಬಂದವನಿಗೆ, ಬೆಟ್ಟಗಳ ನಡುವೆ ನಿಂತ ಆ ನೀರಿನ ದಂಡೆಯಲ್ಲಿ ಆ ಪಾಠ ಇನ್ನಷ್ಟು ಚೆನ್ನಾಗಿ ತಿಳಿಯಿತು.

ಗುಳೇದಗುಡ್ಡ ಮುಟ್ಟಿದಾಗ ಕತ್ತಲಾಗಿ ಒಂದು ಗಂಟೆಯ ಮೇಲಾಗಿತ್ತು. ಓಣಿಯಲ್ಲಿ ಎಲ್ಲಿಯೋ ಒಂದು ಮಗ್ಗ ಇನ್ನೂ ಬಡಿದುಕೊಳ್ಳುತ್ತಿತ್ತು. ತಂದೆಯವರು ಬಾಗಿಲಲ್ಲಿ ನಿಂತಿದ್ದರು. ಮೊದಲು ಸೈಕಲ್ಲಿನ ಸರಪಳಿಯನ್ನು ಮುಟ್ಟಿ ನೋಡಿದರು, ಆಮೇಲೆ ನನ್ನ ಮುಖವನ್ನು.

"ನವಲಗುಂದದಾಗ ನೀರು ಕುಡದ್ಯಾ?"

"ಕುಡದೆ. ಆದರ ಮಠದ ಬಾವಿ ಮುಚ್ಚಿ ಮ್ಯಾಲೆ ಅಂಗಡಿ ಕಟ್ಟ್ಯಾರ. ಅರವಟಿಗಿನೂ ಇಲ್ಲ."

ಹನ್ನೊಂದರಲ್ಲಿ ನಾಲ್ಕು ನೀರು ಇಲ್ಲವಾಗಿದ್ದವು. ಒಂದೊಂದನ್ನೇ ಕೇಳಿದರು, ಒಂದೊಂದಕ್ಕೂ ತಲೆಯಾಡಿಸಿದರು. ಊರಿನಲ್ಲಿ ತೀರಿಕೊಂಡವರ ಸುದ್ದಿ ಕೇಳುವಂತಿತ್ತು. ಹೋಳಿಗೆಯ ಕಥೆ ಹೇಳಿದಾಗ ಮಾತ್ರ ನಕ್ಕರು. ಎತ್ತರದ, ದಪ್ಪ ಮೀಸೆಯ ಆ ಮನುಷ್ಯ ಅವರಿಗೆ ಗೊತ್ತು. ನೆರೆಯ ಓಣಿಯವನು, ಮೂರು ವರ್ಷದ ಹಿಂದೆ ಹೋದ. ನಾಲ್ಕರಲ್ಲಿ ಎರಡು ಹೋಳಿಗೆಗಳನ್ನು ಅವನ ಮನೆಗೆ ಕಳಿಸಿದರು.

ಅಂದು ರಾತ್ರಿ ಊಟವಾದ ಮೇಲೆ ನೋಟುಬುಕ್ಕು ತೆರೆದು, ನಾನು ಬಂದ ದಾರಿಯದು ಮಾತ್ರವಲ್ಲ, ಅವರು ತಿರುಗಿದ ಎಲ್ಲ ದಾರಿಗಳ ನೀರನ್ನೂ ಹೇಳಿರೆಂದೆ. ಹನ್ನೊಂದು ಹೊಡೆಯುವವರೆಗೆ ಹೇಳಿದರು. ನಲವತ್ತಮೂರು ಹೆಸರುಗಳಾದವು. ಯಾವ ನೀರು ಬೇಸಗೆಯಲ್ಲಿ ಬತ್ತುತ್ತದೆ, ಯಾವುದರಲ್ಲಿ ಬೇಳೆ ಬೇಯುತ್ತದೆ, ಯಾರ ಮನೆಯಲ್ಲಿ ಕೇಳದೆ ಕೊಡುತ್ತಾರೆ ಎಂಬುದೂ ಸೇರಿತು. ಇಪ್ಪತ್ತು ವರ್ಷದ ಭೂಗೋಳವಿದು. ಅವರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವರು.

ಇನ್ನು ಕೆಲವು ತಿಂಗಳಲ್ಲಿ ನಾವೆಲ್ಲ ಪದವೀಧರರಾಗುತ್ತೇವೆ. ಬ್ಯಾಂಕಿನ ಪರೀಕ್ಷೆಯೆಂದೋ, ಸರಕಾರದ ನೌಕರಿಯೆಂದೋ ದೂರದ ಊರುಗಳಿಗೆ ಹೋಗುತ್ತೇವೆ. ಹೋಗಬೇಕಾದದ್ದೇ, ಮನೆಯವರ ಆಸೆಯೂ ಅದೇ. ಹೋಗುವ ಮುನ್ನ ಗೆಳೆಯರಲ್ಲಿ ಒಂದು ವಿನಂತಿ. ಪರೀಕ್ಷೆ ಮುಗಿದ ಮೇಲೆ ಒಂದು ದಿನ ಬಸ್ಸನ್ನು ಬಿಟ್ಟು ಸೈಕಲ್ಲಿನ ಮೇಲೆ ಊರಿಗೆ ಹೋಗಿ ನೋಡಿ. ಮನೆಯ ಹಿರಿಯರ ಬಳಿ ಕುಳಿತು, ಅವರು ದುಡಿದ ದಾರಿಯ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ನನ್ನ ತಮ್ಮ ಈಗ ಆ ಸೈಕಲ್ಲಿನಲ್ಲಿ ದಿನಾ ಐ.ಟಿ.ಐ.ಗೆ ಹೋಗುತ್ತಿದ್ದಾನೆ. ಹಿಂದಿನ ಹಲಗೆಯನ್ನು ತೆಗೆಸೋಣವೆಂದು ಅವನು ಕೇಳಿದ್ದನಂತೆ. ತಂದೆಯವರು, "ಇರಲಿ ಬಿಡು, ಪುಸ್ತಕ ಕಟ್ಟಾಕ ಬರತೈತಿ" ಎಂದರಂತೆ.